ಎದುರು ದಂಡೆಗೆ ಕಾಣುವ ನೀರು

ನೆರಳುದಂಡೆ, ಹಾರ್ಡಾಂಗರ್
ಏಪ್ರಿಲ್ 4, 1971

ಬ್ರಿತಕ್ಕನಿಗೆ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಯಾರೋ ಸತ್ತರೆಂದು ಹೆದರಬೇಡ. ಸಾಯಲು ಈ ಮನೆಯಲ್ಲಿ ಉಳಿದಿರುವವನು ನಾನೊಬ್ಬನೇ. ನಿನಗಿಂತ ಮೊದಲು ಸತ್ತು ನಿನಗೆ ಸಂತೋಷ ಕೊಡುವ ಯೋಚನೆ ನನಗಿಲ್ಲ.

ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯ ಮೇಲಿನ ಕಮರಿಯಲ್ಲಿ ಪ್ರತಿ ಮೇ ತಿಂಗಳು ಬೆಟ್ಟದ ಹಿಮ ಕರಗಿ, ರಸ್ತೆಯ ಪಕ್ಕಕ್ಕೇ ನೀರು ಬೀಳುತ್ತದಲ್ಲ, ಅದರ ವಿಷಯ. ಹಿಂದೆ ಅದನ್ನು ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ರಸ್ತೆಗೆ ಡಾಂಬರು ಬಿದ್ದ ಮೇಲೆ ಪ್ರವಾಸಿ ಬಸ್ಸುಗಳು ಬರುತ್ತಿವೆ. ಆ ನೀರಿನ ಬುಡದಲ್ಲಿ ಹಲಗೆಯ ಗೂಡಂಗಡಿ ಕಟ್ಟಿದ್ದೇನೆ. ಕಾಫಿ, ಕಂದು ಚೀಸು, ನಿನ್ನ ತಂಗಿ ರಾಗ್ನಾಳ ಕಾವಲಿಯಲ್ಲಿ ಹುಯ್ದ ವಾಫಲ್. ಬಣ್ಣದ ಫಲಕವೊಂದನ್ನೂ ಬರೆಸಿದ್ದೇನೆ: 'ಮದುಮಗಳ ಮುಸುಕು ಜಲಪಾತ.'

ಬಸ್ಸಿನವನು ಕೇಳುತ್ತಾನೆ, "ಯಜಮಾನ್ರೇ, ನೀರು ಯಾವತ್ತು ಶುರುವಾಗುತ್ತೆ?" ಎಂದು. ಕೆಳಗೆ ನಿಂತವನಿಗೆ ಕಮರಿಯ ಬಾಯಿ ಎಲ್ಲಿ ಕಾಣುತ್ತದೆ? ಅದು ಕಾಣುವುದು ನಮ್ಮ ನಡುವಿನ ಈ ಕಡಲತೋಳಿನ, ಈ ಫ್ಯೋರ್ಡಿನ ಆಚೆ, ನಿನ್ನ ಅಡುಗೆಮನೆಯ ಕಿಟಕಿಗೆ. ಹಿರಿಯರು ಹೇಳುತ್ತಿದ್ದುದು ನಿನಗೂ ನೆನಪಿರಬೇಕು: ನಿನ್ನ ಬೆಟ್ಟ ಎದುರಿನವನ ಪಂಚಾಂಗ. ಮೇಲಿನ ಬಂಡೆ ಒದ್ದೆಯಾದ ದಿನ ಒಂದು ಸಾಲು ಬರೆ. ಪ್ರತಿಯಾಗಿ ನಿನ್ನ ಬೆಟ್ಟದ ಮೇಲೆ ಕುದುರೆಯ ಆಕಾರದಲ್ಲಿ ಕೂತ ಹಿಮದ ತಲೆ ಯಾವಾಗ ಕರಗುತ್ತದೆಂದು ನಾನು ತಿಳಿಸುತ್ತೇನೆ. ಕಳೆದ ವರ್ಷ ಅದನ್ನು ಕೇಳದೆ ಆಲೂಗಡ್ಡೆ ನೆಟ್ಟು ಮಂಜಿಗೆ ಸುಡಿಸಿಕೊಂಡದ್ದನ್ನು ಇಲ್ಲಿಂದ ನೋಡಿದೆ. ಒಳ್ಳೆ ತಮಾಷೆಯಾಗಿತ್ತು.

ಈ ಪತ್ರ ದೋಣಿ ಹತ್ತಿ ಪಟ್ಟಣಕ್ಕೆ ಹೋಗಿ, ಮುದ್ರೆ ಹಾಕಿಸಿಕೊಂಡು, ನಿನ್ನ ದಂಡೆಗೆ ಬರಲು ಮೂರು ದಿನ ಬೇಕು. ಹುಟ್ಟು ಹಾಕಿಕೊಂಡು ನಾನೇ ಬಂದರೆ ಅರ್ಧ ಗಂಟೆ. ಬರುವುದಿಲ್ಲ. ಫೋನ್ ಹಾಕಿಸಿಕೊ ಎಂದೂ ಹೇಳಬೇಡ. ನಿನ್ನ ದನಿ ಮನೆಯೊಳಕ್ಕೆ ಬರಲೆಂದು ತಂತಿ ಎಳೆಸುವಷ್ಟು ನನಗೆ ಮರುಳಿಲ್ಲ.

ತೊರ್ಗೈರ್

ಮರೆತಿದ್ದೆ. ರಾಗ್ನಾಳ ಹೆಣ ಎತ್ತಿದ ದಿನ ನೀನು ಕಿತ್ತುಕೊಂಡು ಹೋದ ಕೆಂಪು ಹೊದಿಕೆಗೆ ನುಸಿ ಹಿಡಿದಿದೆಯೋ ಹೇಗೆ? ಅವಳು ಅದಕ್ಕೆ ಒಂದು ದಿನವೂ ಬಿಸಿಲು ಸೋಕಿಸಿದವಳಲ್ಲ.


ಬಿಸಿಲುದಂಡೆ
ಏಪ್ರಿಲ್ 12

ಶ್ರೀಮಾನ್ ತೊರ್ಗೈರ್, ಜಲಪಾತದ ಜಮೀನ್ದಾರರಿಗೆ,

ನಿನ್ನ ಪತ್ರ ಬಂತು. ಅಂಚೆಯವನು ಲಕೋಟೆಯ ಮೇಲಿನ ಹೆಸರು ನೋಡಿ, "ಏನಮ್ಮಾ, ಎದುರುಗಡೆ ಆಡಿಗೆ ಬರೆಯೋಕೆ ಬಂತಾ?" ಎಂದ (ನಿಮ್ಮ ದಂಡೆಯವರಿಗೆ ಇಲ್ಲಿ ಅದೇ ಹೆಸರು). ಇಲ್ಲಪ್ಪ, ಮೊದಲಿಂದಲೂ ಬರೆಯೋಕೆ ಬರುತ್ತೆ, ಹೇಳೋಕೆ ಬರಲ್ಲ ಅಷ್ಟೆ ಎಂದೆ.

ಮದುಮಗಳ ಮುಸುಕಂತೆ! ದುರ್ಬೀನಿನಲ್ಲಿ ನಿನ್ನ ಫಲಕ ನೋಡಿ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡೆ. ಆ ನೀರಿಗೆ ಹೆಸರಿಲ್ಲವೆ? ನಿನ್ನ ಅಪ್ಪ ಅದನ್ನು ಏನೆಂದು ಕರೆಯುತ್ತಿದ್ದ? ನೀನು ಮರೆತಿದ್ದರೆ ನಮ್ಮಜ್ಜಿ ಹೇಳುತ್ತಿದ್ದ ಕಥೆಯನ್ನು ನಿನ್ನ ಬಸ್ಸಿನ ಜರ್ಮನರಿಗೆ ಓದಿ ಹೇಳು.

ನಿಮ್ಮ ಬೆಟ್ಟದ ತುದಿಯಲ್ಲಿ ಒಬ್ಬ ರಾಕ್ಷಸ ಮುದುಕಿ ಇದ್ದಳಂತೆ. ಚಳಿಗಾಲವೆಲ್ಲ ಸುಮ್ಮನೆ ಕೂತು ನೆರಳುದಂಡೆಯ ಗಂಡಸರ ಮಾತು ಕೇಳುವುದೇ ಅವಳ ಕೆಲಸ. "ನಮಗೆ ನಾಲ್ಕು ತಿಂಗಳು ಸೂರ್ಯ ಕಾಣ್ದಿದ್ರೇನು, ನಮ್ಮ ಆಡಿನ ಹಾಲು ದಪ್ಪ." "ಬಿಸಿಲಿಲ್ದಿದ್ರೇನು, ನಮ್ಮ ಹೆಂಗಸರ ಮೈ ಬಿಳುಪು." "ಕತ್ತಲಾದ್ರೇನು, ನಮ್ಮ ಬುದ್ಧಿಗೆ ದೀಪ ಬೇಕಾ?" ಕೇಳಿದಳು, ಕೇಳಿದಳು. ನಗು ಬಂದರೂ ಹಲ್ಲು ಕಚ್ಚಿಕೊಂಡು ತಡೆದಳು, ಚಳಿಯಲ್ಲವೆ. ಮೇ ತಿಂಗಳು ಬಂದು ಮೈ ಬೆಚ್ಚಗಾದದ್ದೇ ತಡೆಯಲಾಗಲಿಲ್ಲ. ನಕ್ಕಳು. ನಗುತ್ತ ನಗುತ್ತ ಲಂಗ ಎತ್ತಿ ಕಮರಿಯ ಬಾಯಲ್ಲಿ ಕೂತೇಬಿಟ್ಟಳು. ಅವತ್ತಿನಿಂದ ಪ್ರತಿ ವರ್ಷ ನಿಮ್ಮ ತಲೆಯ ಮೇಲೆ ಬೀಳುವುದು ಅದೇ. 'ಮುದುಕಿ ಉಚ್ಚೆ' ಎಂದೇ ಎರಡೂ ದಂಡೆಯ ಮಕ್ಕಳು ಕರೆದದ್ದು. ಈಗ ನೀನು ಅದರ ಬುಡದಲ್ಲಿ ನಿಂತು ಕಾಫಿ ಮಾರುತ್ತೀ. ನೀರು ಎಲ್ಲಿಂದ ಹಿಡಿಯುತ್ತೀ ಎಂದು ನಾನು ಕೇಳುವುದಿಲ್ಲ.

ಮೇಲಿನ ಬಂಡೆ ಒದ್ದೆಯಾದಾಗ ಬರೆಯುತ್ತೇನೆ. ನಿನಗೋಸ್ಕರ ಅಲ್ಲ, ಆಲೂಗಡ್ಡೆಗೋಸ್ಕರ.

ಪಂಚಾಂಗದ ಮಾತು ನೀನೇ ತೆಗೆದೆ, ಆದ್ದರಿಂದ ಇನ್ನೊಂದನ್ನೂ ಕೇಳು. ರಾಗ್ನಾ ನಿನ್ನನ್ನು ಕಟ್ಟಿಕೊಂಡು ಆ ಕತ್ತಲೆಗೆ ಬಂದ ವರ್ಷವೇ ನಾವಿಬ್ಬರೂ ಅಕ್ಕತಂಗಿಯರು ಒಂದು ಮಾತು ಮಾಡಿಕೊಂಡಿದ್ದೆವು. ಅವಳು ದುಪ್ಪಟಿಯನ್ನು ಮನೆಯ ಮೇಲಿನ ಹುಲ್ಲು ಒಣಗಿಸುವ ಬೇಲಿಗೆ ಹಾಕುವುದು, ನಾನು ತೋಟದ ಹಗ್ಗಕ್ಕೆ ಹಾಕುವುದು. ಒಂದು ಬಿಳಿ ದುಪ್ಪಟಿ ಕಂಡರೆ, ಕಾಫಿ ಇಟ್ಟಿದ್ದೇನೆ ಬಾ. ಎರಡು ಕಂಡರೆ, ಸಾವು, ಕೈಯಲ್ಲಿದ್ದುದನ್ನು ಬಿಟ್ಟು ಬಾ. ನಿನಗೂ ಅದು ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ಆ ಫೆಬ್ರವರಿಯಲ್ಲಿ ಅವಳಿಗೆ ಎದೆಯ ಕಾಯಿಲೆ ಜೋರಾಗಿದೆಯೆಂದು ಕೇಳಿ, ಬಿರುಗಾಳಿಗೆ ದೋಣಿ ನಿಂತದ್ದರಿಂದ, ನಾನು ಹಗಲೆಲ್ಲ ದುರ್ಬೀನು ಹಿಡಿದು ಕಿಟಕಿಯಲ್ಲೇ ಇದ್ದೆ. ನಿನ್ನ ಬೇಲಿಯ ಮೇಲೆ ಏನೂ ಇರಲಿಲ್ಲ. ಒಂದೂ ಇಲ್ಲ, ಎರಡೂ ಇಲ್ಲ. ಗಾಳಿ ಇಳಿದು ದೋಣಿ ಬಂದ ಮೇಲೆ ಟಿಕೆಟ್ ಹರಿಯುವವನು ಹೇಳಿದ, "ಅಯ್ಯೋ, ನಿಮಗೆ ಗೊತ್ತಿಲ್ವಾ? ತಂಗಿ ಹೋಗಿ ಮೂರು ದಿನ ಆಯ್ತಲ್ಲಮ್ಮಾ."

ಒಂದು ಬಟ್ಟೆ ಹರವುವಷ್ಟು ಪುರುಸೊತ್ತು ನಿನಗಿರಲಿಲ್ಲ. ಈಗ ಫಲಕ ಬರೆಸಲು ಇದೆ.

ಬ್ರಿತಾ

ಹೊದಿಕೆ ಚೆನ್ನಾಗಿದೆ. ಅದು ನಮ್ಮಮ್ಮ ನೇಯ್ದದ್ದು. ರಾಗ್ನಾ ಅದಕ್ಕೆ ಬಿಸಿಲು ಸೋಕಿಸಲಿಲ್ಲವಂತೆ! ನಿನ್ನ ದಂಡೆಯಲ್ಲಿ ಸೋಕಿಸಲು ಬಿಸಿಲೆಲ್ಲಿತ್ತು?


ನೆರಳುದಂಡೆ
ಏಪ್ರಿಲ್ 26

ಬ್ರಿತಕ್ಕನಿಗೆ,

ನಿನ್ನ ಕುದುರೆಗೆ ತಲೆಯೂ ಇದೆ, ಕತ್ತೂ ಇದೆ, ಕಿವಿ ಮಾತ್ರ ಕರಗಿದೆ. ಆಲೂಗಡ್ಡೆ ಚೀಲದಲ್ಲೇ ಇರಲಿ.

ಕಥೆ ಓದಿದೆ. ನಿಮ್ಮಜ್ಜಿಗೆ ಬೇರೆ ಕೆಲಸ ಇರಲಿಲ್ಲ, ನಿನಗೂ ಇಲ್ಲ. ಬಿಸಿಲು ಜಾಸ್ತಿಯಾದರೆ ಹಣ್ಣೂ ಕೊಳೆಯುತ್ತದೆ, ನಾಲಗೆಯೂ ಕೊಳೆಯುತ್ತದೆ.

ಕಳೆದ ವರ್ಷ ನೀರು ನಡುವೆ ಸೊರಗಿತು. ಕಬ್ಬಿಣದ ಗಡಾರಿ ತೆಗೆದುಕೊಂಡು ಮೇಲೆ ಹತ್ತಿ, ಕಟ್ಟಿಕೊಂಡಿದ್ದ ಹಿಮವನ್ನು ತಿವಿದೆ. ಭೊರ್ ಎಂದು ಬಂತು. ಈ ವರ್ಷವೂ ಹಾಗಾದರೆ ಹಾಗೇ ಮಾಡುತ್ತೇನೆ. ಬಸ್ಸು ನಿಂತಾಗ ಬಂಡೆ ಒಣಗಿರಬಾರದು.



ತೊರ್ಗೈರ್


ಬಿಸಿಲುದಂಡೆ
ಮೇ 6

ತೊರ್ಗೈರ್,

ಬರೆ ಎಂದಿದ್ದೆ, ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನದಿಂದ ಮೇಲಿನ ಬಂಡೆ ಒದ್ದೆ. ಇವತ್ತು ಬೆಳಿಗ್ಗೆ ಕುರಿಯ ಬಾಲದಷ್ಟು ನೀರು ಇಳಿದಿದೆ. ಇನ್ನೊಂದು ವಾರಕ್ಕೆ ರಸ್ತೆಗೆ ಮುಟ್ಟುತ್ತದೆ. ಫಲಕಕ್ಕೆ ಮಾಲೆ ಹಾಕು.

ಆದರೆ ನಿನಗೆ ಕಾಣದ್ದು ಇನ್ನೊಂದಿದೆ. ಕಮರಿಯ ಗಂಟಲಿನಲ್ಲಿ, ಮೂರನೆಯ ಬಂಡೆಯ ಮೇಲೆ, ಈ ಸಲ ಹಿಮ ಲೋಡುದಿಂಬಿನ ಹಾಗೆ ಅಡ್ಡ ಕೂತಿದೆ. ಕೆಳಗಿನಿಂದ ನೀರು ಅದರ ಹೊಟ್ಟೆ ಕೊರೆದು ಬರುತ್ತಿದೆ. ಆ ತೂತು ಮುಚ್ಚಿದರೆ ಹಿಂದೆ ಬೆಟ್ಟದ ನೀರೆಲ್ಲ ನಿಲ್ಲುತ್ತದೆ, ಆಮೇಲೆ ಹಿಮ, ನೀರು, ಕಲ್ಲು ಎಲ್ಲ ಒಂದೇ ಗಂಜಿಯಾಗಿ ಇಳಿಯುತ್ತದೆ. ಹಿಂದೊಮ್ಮೆ ನಿಮ್ಮ ದೊಡ್ಡಪ್ಪನ ಕೊಟ್ಟಿಗೆ ಹೋದದ್ದು ಹಾಗೆಯೇ. ನೀರು ಸೊರಗಿದರೆ ಹತ್ತಬೇಡ, ಮನೆ ಬಿಟ್ಟು ಆಚೆ ಹೋಗು. ಗಡಾರಿ ಹಿಡಿದ ಅರವತ್ತೆಂಟರ ಆಡು ಬೆಟ್ಟಕ್ಕೆ ಹೆದರಿಕೆ ಹುಟ್ಟಿಸುವುದಿಲ್ಲ.

ಇದು ಪ್ರೀತಿಯೆಂದು ತಿಳಿಯಬೇಡ. ಎದುರಿಗೆ ನೀನಿಲ್ಲದಿದ್ದರೆ ಬೆಳಿಗ್ಗೆ ಎದ್ದು ಯಾರನ್ನು ಬೈಯಲಿ?

ಬ್ರಿತಾ


ನೆರಳುದಂಡೆ
ಮೇ 18

ಬ್ರಿತಕ್ಕನಿಗೆ,

ಕುದುರೆಯ ತಲೆ ಹೋಯಿತು. ನೆಡು.

ನಿನ್ನೆ ನಮ್ಮ ದೇಶದ ಹಬ್ಬದ ದಿನ, ಬಾವುಟ ಏರಿಸಿದ್ದೆ. ನೀರು ಪೂರ್ತಿ ಬಂದಿತ್ತು. ರಸ್ತೆಯ ಮೇಲೆಲ್ಲ ಹನಿ. ನಾಲ್ಕು ಬಸ್ಸು. ಇಳಿದವರ ಮಾತು ಕೇಳಿದರೆ ಮುದುಕಿ ಇನ್ನೊಮ್ಮೆ ಲಂಗ ಎತ್ತುತ್ತಿದ್ದಳು. ಒಬ್ಬ ಕೇಳಿದ, "ರಾತ್ರಿ ಹೊತ್ತು ಇದನ್ನ ನಿಲ್ಲಿಸ್ತೀರಾ?" ನಲ್ಲಿ ನಮ್ಮನೆಯ ಹಾಸಿಗೆಯ ಕೆಳಗಿದೆ ಎಂದೆ. ಬರೆದುಕೊಂಡ. ಇನ್ನೊಬ್ಬಳು ಗಂಡನಿಗೆ, "ಅಲ್ಲೇ ನಿಲ್ಲಿ, ಇನ್ನೂ ಹಿಂದೆ, ಇನ್ನೂ ಸ್ವಲ್ಪ ಹಿಂದೆ" ಎನ್ನುತ್ತ ಫೋಟೋ ತೆಗೆಯಲು ಹೋಗಿ ಅವನನ್ನು ನೀರಿನೊಳಗೇ ನಿಲ್ಲಿಸಿದಳು. ಅವನು ಹೊರಗೆ ಬಂದು, "ಇಷ್ಟೇನಾ? ಇದಕ್ಕೆ ನಾನು ಟೈ ಕಟ್ಟಿಕೊಂಡು ಬಂದೆನಾ?" ಎಂದ. ಹಾಗೆಂದವನೇ ಆರು ವಾಫಲ್ ತಿಂದ. ಜಗತ್ತಿನಲ್ಲಿ ಎಷ್ಟು ಬಗೆಯ ಮೂರ್ಖರಿದ್ದಾರೆಂದು ತಿಳಿಯಲು ಊರು ಬಿಡಬೇಕಾಗಿಲ್ಲ, ರಸ್ತೆ ಬದಿ ನೀರು ಬಿದ್ದರೆ ಸಾಕು.

ಆ ಹೆಂಗಸು ಹೋಗುವಾಗ ಕೇಳಿದಳು, "ಅಜ್ಜ, ಪೂರ್ತಿ ನೋಡಿದ್ರೆ ಇದು ಹೇಗಿರುತ್ತೆ?" ಹುಟ್ಟಿದಾಗಿನಿಂದ ಇದರ ಕೆಳಗಿದ್ದೇನೆ, ಪೂರ್ತಿ ನೋಡಿಲ್ಲ. ನೋಡಬೇಕಾದರೆ ನಿನ್ನ ಅಂಗಳಕ್ಕೆ ಬರಬೇಕು. ಬರುವ ಆಸೆಯಿಲ್ಲ.

ಸಂಜೆ ಒಮ್ಮೆ ನೀರು ಸೊರಗಿ ಮತ್ತೆ ಬಂತು. ದಿಂಬಿನ ಮಾತು ಓದಿದೆ. ದೂರದಿಂದ ನೋಡುವವರಿಗೆ ಎಲ್ಲವೂ ದೊಡ್ಡದು. ಗಡಾರಿ ಬಾಗಿಲಲ್ಲೇ ಇದೆ.

ತೊರ್ಗೈರ್


ಬಿಸಿಲುದಂಡೆ
ಮೇ 24

ತೊರ್ಗೈರ್,

ಮೊನ್ನೆ ನನ್ನ ದಡಕ್ಕೆ ಬಂದವನು ನನ್ನ ಮಾತು ಕೇಳದೆ ದೋಣಿ ತಿರುಗಿಸಿಕೊಂಡು ಹೋದೆ. ಕಾಫಿ ಬೇಕೇ ಎಂದರೆ ಬೆನ್ನು ತೋರಿಸಿದೆ. ಪತ್ರಕ್ಕೆ ಬೆನ್ನಿಲ್ಲ, ಆದ್ದರಿಂದ ಓದು.

ಹಿಂದಿನ ರಾತ್ರಿಯೆಲ್ಲ ಬೆಚ್ಚಗಿನ ಗಾಳಿ ಬೀಸಿತ್ತು. ಹಾಲು ಕರೆದು ಬಂದು ಕಿಟಕಿಯಲ್ಲಿ ನೋಡಿದರೆ ನಿಮ್ಮ ಬೆಟ್ಟದ ಎಲ್ಲ ಕೊರಕಲುಗಳಲ್ಲೂ ನೀರು ಕುಣಿಯುತ್ತಿತ್ತು, ನಿನ್ನದರಲ್ಲಿ ಮಾತ್ರ ಇಲ್ಲ. ಬಂಡೆ ಒದ್ದೆ, ನೀರಿಲ್ಲ. ದುರ್ಬೀನು ಹಿಡಿದೆ. ಗಂಟಲಿನ ಹಿಮ ಬೂದಿಬಣ್ಣಕ್ಕೆ ತಿರುಗಿ, ತುಂಬು ಗಬ್ಬದ ಹಸುವಿನ ಹೊಟ್ಟೆಯ ಹಾಗೆ ಊದಿತ್ತು. ಅದರ ಕೆಳಗೆ ಕರಿ ಇರುವೆಯೊಂದು ಕಡ್ಡಿ ಹೊತ್ತು ಹತ್ತುತ್ತಿತ್ತು. ಕಡ್ಡಿ ಯಾವುದು, ಇರುವೆ ಯಾವುದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೂಗಿದರೆ ಕೇಳುವ ದೂರವಲ್ಲ, ನಿನ್ನ ಮನೆಯಲ್ಲಿ ಫೋನಿಲ್ಲ, ಪತ್ರಕ್ಕೆ ಮೂರು ದಿನ. ಪೆಟ್ಟಿಗೆಯಿಂದ ಎರಡು ದುಪ್ಪಟಿ ಎಳೆದುಕೊಂಡು ತೋಟಕ್ಕೆ ಓಡಿದೆ. ನನ್ನ ಮೊಣಕಾಲಿನ ಗತಿ ನಿನಗೆ ಗೊತ್ತಿಲ್ಲ, ಓಡಿದೆ ಎಂದರೆ ನಂಬು. ಎರಡನ್ನೂ ಹಗ್ಗಕ್ಕೆ ಹಾಕಿ, ಹಿಂದೆ ಸರಿದು ನೋಡಿದೆ.

ಕಾಣಲಿಲ್ಲ, ತೊರ್ಗೈರ್. ತೋಟವೆಲ್ಲ ಸೇಬಿನ ಹೂವು. ಮೇಲೆ ಬಿಳಿ, ಕೆಳಗೆ ಉದುರಿ ಬಿದ್ದದ್ದೂ ಬಿಳಿ. ಇಷ್ಟು ಹತ್ತಿರ ನಿಂತ ನನಗೇ ದುಪ್ಪಟಿ ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ನಾವು ಯಾವತ್ತೂ ಹೂವಿನ ಕಾಲದಲ್ಲಿ ಅದನ್ನು ಹಾಕಿದವರಲ್ಲ. ಆ ದಿನಗಳಲ್ಲಿ ರಾಗ್ನಾ ಕರೆಯದೆಯೇ ಬಂದುಬಿಡುತ್ತಿದ್ದಳು.

ನೀನು ಅಲ್ಲಿ ಸಾವಿನ ಕಡೆಗೆ ಹತ್ತುತ್ತಿದ್ದೆ. ನಾನು ಇಲ್ಲಿ ಬಟ್ಟೆಯ ತುದಿ ಹಿಡಿದು ಫೆಬ್ರವರಿಯನ್ನು ನೆನೆಯುತ್ತ ನಿಂತೆ. ಆ ಫೆಬ್ರವರಿಯಲ್ಲಿ ನಿನ್ನ ಹುಲ್ಲಿನ ಬೇಲಿಯ ಸುತ್ತ ಎದೆಮಟ್ಟ ಹಿಮವಿತ್ತು. ಬೇಲಿಯೂ ಬಿಳಿ, ನೆಲವೂ ಬಿಳಿ.

ಹಿಮದ ಮೇಲೆ ಬಿಳಿ ದುಪ್ಪಟಿ ಹರವಿದೆಯೇನೋ, ಪೆದ್ದ? ಎರಡೂ?

ನಾಲ್ಕು ವರ್ಷ ಎರಡು ದಂಡೆಯ ಜನರಿಗೆಲ್ಲ ನಿನ್ನನ್ನು ಕಲ್ಲೆದೆಯವನೆಂದು ಹೇಳಿಕೊಂಡು ಬಂದೆ. ನೀನು ಸುಮ್ಮನಿದ್ದೆ. ಕಟುಕ ಎನಿಸಿಕೊಳ್ಳಲು ಒಪ್ಪಿದೆ, ಪೆದ್ದ ಎನಿಸಿಕೊಳ್ಳಲು ಒಪ್ಪಲಿಲ್ಲ. ನೆರಳುದಂಡೆಯ ಗಂಡಸರ ಬುದ್ಧಿಗೆ ದೀಪ ಬೇಡ ಎಂದು ಮುದುಕಿ ನಕ್ಕದ್ದು ಸುಮ್ಮನೆ ಅಲ್ಲ.

ಆಮೇಲೆ ಆ ಕೆಂಪು ಹೊದಿಕೆ ತಂದೆ. ನೀನು ತಿಳಿದಂತೆ ಅದನ್ನು ಗಾಳಿಗೆ ಹಾಕಲು ಅಲ್ಲ. ಹೂವಿನ ನಡುವೆ ಎದ್ದು ಕಾಣುವ ಬಣ್ಣ ಮನೆಯಲ್ಲಿ ಅದೊಂದೇ ಇತ್ತು, ಅದೊಂದು ಕಾರಣ. ಎರಡನೆಯದು ಇನ್ನೂ ದೊಡ್ಡದು. ಎರಡು ದುಪ್ಪಟಿ ನೋಡಿ ನನ್ನ ಸಾವಿನ ಸುದ್ದಿ ಎಂದುಕೊಂಡಿದ್ದರೆ, "ಅಂತೂ ಹೋದಳು" ಎಂದು ಗಡಾರಿ ಹೊತ್ತು ಹತ್ತುತ್ತಲೇ ಇರುತ್ತಿದ್ದೆ. ರಾಗ್ನಾಳ ಹೊದಿಕೆಯನ್ನು ನಾನು ಬಿಸಿಲಿಗೆ ಹಾಕಿದ್ದು ಕಂಡರೆ ಬೈಯಲಿಕ್ಕಾದರೂ ಬರುತ್ತೀ ಎಂದು ಗೊತ್ತಿತ್ತು. ನಿನ್ನ ತಿರಸ್ಕಾರದ ಮೇಲೆ ನನಗೆ ಅಷ್ಟು ನಂಬಿಕೆ.

ಇರುವೆ ನಿಂತಿತು. ತಿರುಗಿತು. ಕಡ್ಡಿ ಬಿಸಾಡಿ ಇಳಿಯಿತು. ದೋಣಿ ಬಿಚ್ಚಿತು. ಹುಟ್ಟು ಹಾಕುವ ರಭಸ ನೋಡಿದರೆ ಇಪ್ಪತ್ತರ ಹುಡುಗ. ದಡಕ್ಕೆ ಇನ್ನೂ ಮೂರು ದೋಣಿಯಷ್ಟು ದೂರ ಇರುವಾಗಲೇ ಎದ್ದು ನಿಂತು ಶುರುಮಾಡಿದೆ:

"ಬ್ರಿತಕ್ಕಾ! ತಲೆ ಕೆಟ್ಟಿದ್ಯಾ ನಿಂಗೆ? ಅದನ್ನ ಬಿಸಿಲಿಗೆ ಹಾಕ್ತಾರಾ ಯಾರಾದ್ರೂ? ಕದ್ಕೊಂಡ್ ಹೋಗಿದ್ದೂ ಅಲ್ದೆ ಹಾಳ್ ಬೇರೆ ಮಾಡ್ತೀಯಾ? ಇಳ್ಸು ಅದನ್ನ! ಇಳ್ಸು ಅಂದ್ನಲ್ಲ!"

"ಕೂತ್ಕೊಂಡು ಬೈಯೋ, ದೋಣಿ ಮಗಚುತ್ತೆ," ಎಂದೆ.

"ನಿನ್ನಂಥೋಳ ಕೈಗೆ ಸಿಗೋಕ್ ಬಿಡೋ ಬದಲು ಅವಳ ಜತೆಗೇ ಮಣ್ಣಿಗೆ ಹಾಕ್ಬೇಕಿತ್ತು! ಅವಳು..."

ಆಗ ಹಿಂದಿನಿಂದ ಸದ್ದು ಬಂತು. ಮೊದಲು ಗುಡುಗಿನ ಹಾಗೆ, ಆಮೇಲೆ ಗುಡುಗಿಗಿಂತ ದೊಡ್ಡದು. ನೀನು ಕತ್ತು ತಿರುಗಿಸಿದೆ. ಬೂದಿಬಣ್ಣದ ಗಂಜಿ ಕಮರಿಯ ತುಂಬ ಇಳಿದು, ನೀನು ಗಡಾರಿ ಬಿಟ್ಟು ಬಂದ ಜಾಗವನ್ನು ನೆಕ್ಕಿ, ನಿನ್ನ ಮನೆಯನ್ನು ಬಿಟ್ಟು ಗೂಡಂಗಡಿಯನ್ನು ಮಾತ್ರ ಎತ್ತಿಕೊಂಡು, ರಸ್ತೆಯ ಡಾಂಬರನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ನೀರಿಗೆ ಹಾಕಿತು. ಪುಣ್ಯಕ್ಕೆ ಬಸ್ಸುಗಳಿನ್ನೂ ದೋಣಿಗಟ್ಟೆಯಲ್ಲೇ ಇದ್ದವು. ಅಲೆ ಬಂದು ನಿನ್ನ ದೋಣಿಯನ್ನು ನನ್ನ ದಡಕ್ಕೆ ತಳ್ಳಿತು. ನಾನು ಹಗ್ಗ ಹಿಡಿದುಕೊಂಡೆ.

"ಈಗ ಬೈಯಿ, ಕೇಳ್ತೀನಿ," ಎಂದೆ.

ಗಂಜಿ ನಿಂತ ಮೇಲೆ ಕಮರಿಯಲ್ಲಿ ತಿಳಿನೀರು ಇಳಿಯತೊಡಗಿತು. ಬಾಯಿಂದ ಬುಡದವರೆಗೆ, ನಡುವೆ ಒಂದು ಕಡೆ ಸೀಳಿ ಎರಡಾಗಿ, ಮತ್ತೆ ಕೂಡಿ. ಅದನ್ನು ನೀನು ಪೂರ್ತಿ ನೋಡಿದೆ. ಆಮೇಲೆ ಹೇಳಿದ್ದು ಒಂದೇ ಮಾತು: "ಅವಳ ಕಾವಲಿ ಹೋಯ್ತು."

ಅಷ್ಟು ಹೇಳಿ ಹೋದೆ.

ಹೊದಿಕೆಯನ್ನು ಮಡಿಸಿ ಇಟ್ಟಿದ್ದೇನೆ. ಬಣ್ಣ ಹೋಗಿಲ್ಲ. ಒಂದು ಬೆಳಗಿನ ಬಿಸಿಲಿಗೆ ಹೋಗುವ ಬಣ್ಣವನ್ನು ನಮ್ಮಮ್ಮ ಹಾಕುತ್ತಿರಲಿಲ್ಲ. ನಿನ್ನ ಫಲಕ ತೇಲಿಕೊಂಡು ನನ್ನ ದೋಣಿಮನೆಗೆ ಬಂದು ಬಡಿಯಿತು. ವ್ಯರ್ಥ ಮಾಡುವ ಜಾತಿಯಲ್ಲ ನಾನು. ಅಂಗಳದ ಕಕ್ಕಸಿನ ಬಾಗಿಲಿಗೆ ಹೊಡೆದಿದ್ದೇನೆ. 'ಮದುಮಗಳ ಮುಸುಕು' ಈಗ ಸರಿಯಾದ ಜಾಗದಲ್ಲಿದೆ.

ಬ್ರಿತಾ


ನೆರಳುದಂಡೆ
ಮೇ 31

ಬ್ರಿತಕ್ಕನಿಗೆ,

ಫಲಕಕ್ಕೆ ಹಾಕಿದ ಮೊಳೆ ತುಕ್ಕು ಹಿಡಿಯದ ಜಾತಿಯದು. ನಿನ್ನ ಕಕ್ಕಸು ಬಿದ್ದರೂ ಅದು ನಿಂತಿರುತ್ತದೆ.

ರಸ್ತೆಯವರು ಬಂದು ಅಳೆಯುತ್ತಿದ್ದಾರೆ. ಬಸ್ಸಿನವರು ಈಗ ನೀರು ಬಿಟ್ಟು, ಕಿತ್ತು ಹೋದ ರಸ್ತೆಯ ಫೋಟೋ ತೆಗೆಯುತ್ತಾರೆ. ಒಬ್ಬ ಕೇಳಿದ, "ಇದು ಪ್ರತಿ ವರ್ಷ ಇರುತ್ತಾ?" ಹೊಸ ಫಲಕ ಬರೆಸುವುದಿಲ್ಲ. ಯಾರಾದರೂ ಹೆಸರು ಕೇಳಿದರೆ ಹಳೆಯದನ್ನೇ ಹೇಳುತ್ತೇನೆ. ನಿನ್ನೆ ಇಬ್ಬರು ಹೆಂಗಸರು ಬಿದ್ದು ಬಿದ್ದು ನಕ್ಕು ಅದನ್ನು ಬರೆದುಕೊಂಡರು.

ಫೆಬ್ರವರಿಯ ಮಾತು ಆಡುವುದಿಲ್ಲ. ಇಷ್ಟೇ. ಮೂರೂ ದಿನ ಬೆಳಿಗ್ಗೆ ಹೋಗಿ ಎರಡೂ ದುಪ್ಪಟಿಯ ಮೇಲಿನ ಹಿಮ ಕೊಡವಿ, ಮತ್ತೆ ಹಾಕಿದೆ. ನೀನು ಯಾಕೆ ಬರಲಿಲ್ಲವೆಂದು ನಿನ್ನನ್ನು ಬೈದುಕೊಂಡೇ ಹಾಕಿದೆ. ಏಪ್ರಿಲ್ಲಿನಲ್ಲಿ ಹುಲ್ಲು ಕಂಡಾಗ ತಿಳಿಯಿತು, ನಿನಗೆ ಅದು ಕಂಡೇ ಇರಲಿಲ್ಲವೆಂದು.

ನಿನ್ನೆ ಒಂದು ದುಪ್ಪಟಿಯನ್ನು ಮರದ ತೊಗಟೆ, ಹಳೆ ಮೊಳೆ ಹಾಕಿ ಕುದಿಸಿದೆ. ಕಪ್ಪೂ ಅಲ್ಲ, ಕೆಂಪೂ ಅಲ್ಲ, ಸಗಣಿಯ ಬಣ್ಣಕ್ಕೆ ಬಂದಿದೆ. ನೋಡಿದರೆ ನೀನು ನಗುತ್ತೀ. ಆದರೆ ಹಿಮದ ಮೇಲೂ ಕಾಣುತ್ತದೆ, ಹುಲ್ಲಿನ ಮೇಲೂ ಕಾಣುತ್ತದೆ. ಈ ಪತ್ರ ಅಂಚೆಗೆ ಹಾಕಿ ಬಂದು ಅದನ್ನು ಬೇಲಿಗೆ ಹಾಕುತ್ತೇನೆ. ಎರಡಲ್ಲ, ಒಂದು. ನಿನಗೆ ಎಣಿಸಲು ಬರುತ್ತದೆ ಎಂದುಕೊಂಡಿದ್ದೇನೆ.

ಬರುವುದಾದರೆ ನಿನ್ನ ಕಾವಲಿ ತಾ. ಪತ್ರ ಮುಟ್ಟುವುದಕ್ಕೆ ಮೂರು ದಿನ. ಅಷ್ಟರೊಳಗೆ ನೀನು ಬಂದು ಹೋಗಿದ್ದರೆ ಇದನ್ನು ಓದದೆ ಒಲೆಗೆ ಹಾಕು.

ತೊರ್ಗೈರ್